ಮೂವತ್ತೆರಡು ಮೆಟ್ಟಿಲು

“ಮೆಲ್ಲಗೆ ಹತ್ತೇ. ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆಯೋ, ಅಲ್ಲಿಗೆ ನನಗೂ ನಿನಗೂ ಮಾತು ಮುಗೀತು ಅಂತ ತಿಳ್ಕೋ.”

ಬೆಳಗಿನ ಆರು ಗಂಟೆ. ಅತ್ತೆಯ ನೀಲಿ ಪೆಟ್ಟಿಗೆಯನ್ನು ಸೊಸೆ ಮೆಟ್ಟಿಲು ಹತ್ತಿಸುತ್ತಿದ್ದಳು. ಹಿಂದೆ ಅತ್ತೆ ಕಂಬಿ ಹಿಡಿದು, ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲೂರಿ ಬರುತ್ತಿದ್ದರು. ಅವರ ಎಡ ಮೊಣಕಾಲು ಹೇಳಿದ ಮಾತು ಕೇಳದೆ ನಾಲ್ಕು ತಿಂಗಳಾಗಿತ್ತು. ಅದು ಗೊತ್ತಿದ್ದದ್ದು ದಿನವೂ ಎಣ್ಣೆ ತಿಕ್ಕುವ ಸೊಸೆಗೆ ಮಾತ್ರ.

ಕೆಳಗೆ ಮನೆ, ಎರಡನೇ ಮಹಡಿಯಲ್ಲಿ ಪ್ರವಾಸದ ಆಫೀಸು, ನಡುವೆ ಮೂವತ್ತೆರಡು ಮೆಟ್ಟಿಲು. ಲಿಫ್ಟ್ ಇಲ್ಲ. ಇಪ್ಪತ್ತು ವರ್ಷಗಳಿಂದ ಗುಂಪುಗಳನ್ನು ಹೊರದೇಶಕ್ಕೆ ಕರೆದೊಯ್ಯುತ್ತಿದ್ದ ಅತ್ತೆಗೆ ಆ ಮೆಟ್ಟಿಲುಗಳೇ ಪರೀಕ್ಷೆಯ ಕೋಣೆ. ಹೊರಡುವುದಕ್ಕೆ ಹತ್ತು ದಿನ ಮೊದಲು ಪ್ರತಿಯೊಬ್ಬರೂ ಕಟ್ಟಿದ ಪೆಟ್ಟಿಗೆಯೊಂದಿಗೆ ಬರಬೇಕು, ಅದನ್ನು ತಾವೇ ಮೇಲೆ ಹೊತ್ತು ತರಬೇಕು. ನಡುವೆ ನಿಂತು ಉಸಿರು ತೆಗೆದುಕೊಳ್ಳಬಹುದು, ಆದರೆ ಇನ್ನೊಬ್ಬರ ಕೈ ಸೋಕಬಾರದು. ಆಗದವರು ಪೆಟ್ಟಿಗೆ ಖಾಲಿ ಮಾಡಿ ಮತ್ತೆ ಹತ್ತಬೇಕು. ಆಗಲೂ ಆಗದಿದ್ದರೆ ಮನೆಗೆ. ಮೊಟ್ಟಮೊದಲ ಪ್ರವಾಸದಲ್ಲಿ ಯಾರದೋ ಪೆಟ್ಟಿಗೆ ಎತ್ತಿಕೊಡಲು ಅತ್ತೆ ರೈಲಿನಿಂದ ಇಳಿದಿದ್ದರು. ಗುರುತಿಲ್ಲದ ಊರಿನಲ್ಲಿ ರೈಲು ಹನ್ನೊಂದು ಜನರನ್ನು ಹೊತ್ತು ಹೊರಟೇಹೋಯಿತು... ನಿಯಮ ಹುಟ್ಟಿದ್ದು ಅವತ್ತು. ಪ್ರತಿ ಸಲವೂ ಎಲ್ಲರಿಗಿಂತ ಮೊದಲು, ಎಲ್ಲರ ಕಣ್ಣೆದುರು ಹತ್ತುತ್ತಿದ್ದವರು ಅತ್ತೆಯೇ.

ಇನ್ನೊಂದು ನಿಯಮವೂ ಇತ್ತು. ತಮಗೇನಾದರೂ ಆದರೆ ಇರಲಿ ಎಂದು ಅತ್ತೆ ಪ್ರತಿ ಸಲ ಸೊಸೆಗೂ ವೀಸಾ ಮಾಡಿಸುತ್ತಿದ್ದರು. ಆರು ವರ್ಷಗಳಲ್ಲಿ ಅವಳ ಪಾಸ್‌ಪೋರ್ಟಿನಲ್ಲಿ ಹನ್ನೊಂದು ವೀಸಾ ಸೇರಿದ್ದವು. ಒಂದೇ ಒಂದು ದೇಶದೊಳಗೆ ಕಾಲಿಟ್ಟ ಮುದ್ರೆ ಇರಲಿಲ್ಲ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರಿ ಏಳು ಸಮುದ್ರ ದಾಟಿ ಊಟದ ಹೊತ್ತಿಗೆ ಮನೆ ಸೇರುತ್ತಿದ್ದಳು. ಇವಳು ವಿಮಾನ ನಿಲ್ದಾಣದ ಗಾಜಿನ ಬಾಗಿಲವರೆಗೆ ಹೋಗಿ, ಕೈ ಬೀಸಿ, ಬಸ್ಸು ಹಿಡಿದು ಬರುತ್ತಿದ್ದಳು. ಅವಳ ಪೆಟ್ಟಿಗೆ ಮಾತ್ರ ಮಂಚದಡಿ ಸದಾ ಸಿದ್ಧವಾಗಿರುತ್ತಿತ್ತು. ಗಂಡನಿಗೆ ಒಮ್ಮೆ ಹೇಳಿ ನೋಡಿದ್ದಳು. “ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡ ಮಾರಾಯ್ತಿ,” ಎಂದು ಅವನು ವೀಸಾ ಅರ್ಜಿಗಳ ಕಟ್ಟಿನೊಳಗೆ ಮುಖ ಹುದುಗಿಸಿದ್ದ.

ಹತ್ತು ಗಂಟೆಗೆ ಇಪ್ಪತ್ತೆರಡು ಜನ ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ಮೇಲೆ ಬಂದರು. ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. ಬಾಯಿ ಮಾತ್ರ ಓಡುತ್ತಿತ್ತು.

“ಪಾಸ್‌ಪೋರ್ಟಿನ ಅವಧಿ ವಾಪಸ್ ಬಂದ ಮೇಲೂ ಆರು ತಿಂಗಳು ಇರಬೇಕು. ಅದರ ಪ್ರತಿ ನಿಮ್ಮ ಪೆಟ್ಟಿಗೇಲಿ ಇಟ್ಕೋಬೇಡಿ, ಜೊತೆಗಾರರ ಪೆಟ್ಟಿಗೇಲಿ ಇಡಿ. ನಿಮ್ಮ ಪೆಟ್ಟಿಗೆ ಕಳೆದ್ರೆ ಅವರದ್ರಲ್ಲಾದ್ರೂ ಇರುತ್ತೆ. ಮಾತ್ರೆಗಳು ಕೈಚೀಲದಲ್ಲಿ, ಡಾಕ್ಟರ ಚೀಟಿ ಸಮೇತ. ಹೊಸ ಬೂಟು ಕೊಂಡಿದ್ರೆ ಇವತ್ತಿಂದಲೇ ಹಾಕ್ಕೊಂಡು ಓಡಾಡಿ, ಅದು ಕಚ್ಚೋದಾದ್ರೆ ಇಲ್ಲೇ ಕಚ್ಚಲಿ. ತಪ್ಪಿಸ್ಕೊಂಡ್ರೆ ನನ್ನ ಹುಡುಕ್ಬೇಡಿ. ನಿಂತಲ್ಲೇ ನಿಲ್ಲಿ, ನಾನು ಹುಡುಕ್ತೀನಿ. ಏನ್ರೀ ಅದು, ಕುಕ್ಕರಾ?”

“ಚಿಕ್ಕದಮ್ಮ,” ಎಂದಳು ದರ್ಜಿಯ ಹೆಂಡತಿ.

“ಹೋಟೆಲ್ ರೂಮಲ್ಲಿ ಅದು ಸೀಟಿ ಹೊಡೆದ್ರೆ ಬೆಂಕಿ ಆರಿಸೋರು ಬಂದು ನಿಲ್ತಾರೆ. ತೆಗೀರಿ ಆಚೆಗೆ.”

ಎಲ್ಲರೂ ನಕ್ಕರು. ಕೊನೆಗೆ ಉಳಿದವರು ವಾಚು ರಿಪೇರಿಯವರು. ಎಪ್ಪತ್ತರ ಒಂಟಿ ಜೀವ, ಇಪ್ಪತ್ತನೇ ಮೆಟ್ಟಿಲಿನಲ್ಲಿ ಪೆಟ್ಟಿಗೆ ಇಳಿಸಿ ಬರಿಗೈಯಲ್ಲಿ ಬಂದಿದ್ದರು. ಸೊಸೆ ಅದನ್ನು ಅಲ್ಲೇ ತೆರೆದು ಮೇಲೆ ತಂದದ್ದು ಕಬ್ಬಿಣದ ಡಬ್ಬಿಯ ತುಂಬ ರಿಪೇರಿ ಸಲಕರಣೆ.

“ದಾರೀಲಿ ಯಾರ ವಾಚಾದ್ರೂ ನಿಂತುಬಿಟ್ರೆ ಅಂತ...” ಎಂದರು ಅವರು.

“ನಿಂತ್ರೆ ನಿಲ್ಲಲಿ. ಟೈಮು ನಾನು ಹೇಳ್ತೀನಿ. ಡಬ್ಬಿ ಇಲ್ಲಿ ಬಿಟ್ಟು ಮತ್ತೆ ಕೆಳಗಿಂದ ಹತ್ತಿ. ಆಗಲಿಲ್ವಾ, ಮನೇಲಿರಿ. ಮೊಣಕಾಲು ನೆಟ್ಟಗಿಲ್ಲದೋರನ್ನ ನಾನು ಕಟ್ಕೊಂಡು ಹೋಗಲ್ಲ.”

ಮುದುಕರ ಮುಖ ಬಾಡಿತು. “ಆಯ್ತಮ್ಮ. ನೀವು ಹೇಗೆ ಹತ್ತಿದ್ರಿ ಅಂತ ನೋಡಿದ್ರೆ ಕಲೀಬಹುದಿತ್ತು. ಪ್ರತಿ ಸಲ ಮೊದಲು ನೀವೇ ಹತ್ತಿ ತೋರಿಸ್ತೀರಂತಲ್ಲ?”

“ನಂದು ಬೆಳಿಗ್ಗೆನೇ ಆಯ್ತು. ಬೇಕಿದ್ರೆ ನನ್ನ ಸೊಸೇನ ಕೇಳಿ.”

ಇಪ್ಪತ್ತೆರಡು ಮುಖಗಳು ಅವಳತ್ತ ತಿರುಗಿದವು. ಹೌದೆಂದರೆ ಮನೆಯಲ್ಲಿ ಎಲ್ಲ ಮೊದಲಿನಂತೆ ಇರುತ್ತದೆ. ಇಲ್ಲವೆಂದರೆ... ಅತ್ತೆಯ ಜಾಗಕ್ಕೆ ಹೊಂಚು ಹಾಕಿದ್ದಳು ಎನ್ನುತ್ತಾರೆ. ಹೊಂಚು ಹಾಕಿರಲಿಲ್ಲವೆಂದು ಎದೆ ಮುಟ್ಟಿ ಹೇಳಲು ತನ್ನಿಂದಾದೀತೆ? ಮೂಲೆಯ ಮೇಜಿನಲ್ಲಿದ್ದ ಗಂಡ ಕಾಗದಗಳೊಳಗೆ ಇನ್ನಷ್ಟು ಮುಳುಗಿದ.

“ಅತ್ತೆಯ ಪೆಟ್ಟಿಗೆ ಹೊತ್ತಿದ್ದು ನಾನು,” ಎಂದಳು.

ಅತ್ತೆ ಕುರ್ಚಿಯಲ್ಲೇ ಅವಳತ್ತ ತಿರುಗಿದರು. “ಹನ್ನೊಂದು ವೀಸಾ ಆಯ್ತಲ್ಲ, ಕಾದಿದ್ದು ಸಾಕಾಯ್ತೇನೇ?”

“ಹೋಗೋ ಆಸೆ ಇದೆ ಅತ್ತೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಆ ರೈಲಿನ ಕಥೆ ಹೇಳ್ಕೊಟ್ಟೋರು ನೀವೇ. ನಿಲ್ದಾಣದಲ್ಲಿ ನೀವೇ ಕೂತುಬಿಟ್ರೆ ಈ ಇಪ್ಪತ್ತೆರಡು ಜನ ಎಲ್ಲಿ ನಿಲ್ಬೇಕು? ನಿಮ್ಮನ್ನ ಹುಡುಕೋರು ಯಾರು?”

ಅತ್ತೆ ಮೇಜಿಗೆ ಕೈಯೂರಿ ಎದ್ದರು.

“ಪೆಟ್ಟಿಗೆ ಕೆಳಗಿಳಿಸು.”

ಇಳಿಸಿದಳು. ಅತ್ತೆ ನಿಧಾನವಾಗಿ ಇಳಿದು, ಪೆಟ್ಟಿಗೆಯ ಹಿಡಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಸೊಸೆ ಕೆಳಗೇ ನಿಂತಳು. ಉಳಿದವರೆಲ್ಲ ಮೇಲಿನ ಕಟಕಟೆಗೆ ಬಾಗಿ ನೋಡುತ್ತಿದ್ದರು. ಒಂಬತ್ತು, ಹತ್ತು... ಹದಿನೈದಕ್ಕೆ ಪೆಟ್ಟಿಗೆ ಇಳಿಸಿ, ಕೈ ಬದಲಿಸಿ ಮತ್ತೆ ಎತ್ತಿದರು. ಹತ್ತೊಂಬತ್ತಕ್ಕೆ ಮೊಣಕಾಲು ಕುಸಿದು ಅತ್ತೆ ಮೆಟ್ಟಿಲ ಮೇಲೆಯೇ ಕುಳಿತರು. ವಾಚು ರಿಪೇರಿಯವರು ಮೇಲಿನಿಂದ ಇಳಿದು ಕೈ ಚಾಚಿದರು.

“ಕೈ ಸೋಕಬಾರದು ರೀ,” ಎಂದರು ಅತ್ತೆ. ಕೆನ್ನೆಯ ಮೇಲಿಳಿದದ್ದನ್ನು ಸೆರಗಿನಿಂದ ಒರೆಸಿಕೊಂಡರು. “ನನಗಿಂತ ನೀವೇ ಒಂದು ಮೆಟ್ಟಿಲು ವಾಸಿ. ಹೋಗಿ, ಡಬ್ಬಿ ಇಲ್ಲದೆ ಇನ್ನೊಂದು ಸಲ ಹತ್ತಿ.”

ಅವರು ಹತ್ತಿದರು. ನಾಲ್ಕು ಸಲ ನಿಂತರು, ಆದರೆ ಹತ್ತಿದರು. ದರ್ಜಿಯ ಹೆಂಡತಿ ಕುಕ್ಕರ್ ಬದಿಗಿಟ್ಟು ಚಪ್ಪಾಳೆ ತಟ್ಟಿದಳು.

ಅತ್ತೆ ಕುಳಿತಲ್ಲೇ ಮಗನನ್ನು ಕೂಗಿದರು. “ಟಿಕೆಟ್ಟಲ್ಲಿ ಹೆಸರು ಬದಲಾಯಿಸೋಕೆ ನಾಳೆ ಸಂಜೆವರೆಗೂ ಟೈಮಿದೆ. ಇವತ್ತೇ ಬದಲಾಯಿಸು. ಕಾಗದದೊಳಗಿಂದ ಮುಖ ಎತ್ತೋ ಒಂದ್ಸಲ.” ಆಮೇಲೆ ಕೆಳಗೆ ನಿಂತವಳತ್ತ ತಿರುಗಿದರು. “ನಿನ್ನ ಮೇಲೆ ಸಿಟ್ಟಿಲ್ಲ ಅಂದ್ಕೋಬೇಡ. ಬೇಕಾದಷ್ಟಿದೆ, ನೀನು ವಾಪಸ್ ಬಂದ ಮೇಲೆ ತೀರಿಸ್ಕೊಳ್ತೀನಿ. ಹೋಗು, ನಿನ್ನ ಪೆಟ್ಟಿಗೆ ತಗೊಂಡು ಬಾ. ಯಾರಿಗೂ ರಿಯಾಯಿತಿ ಇಲ್ಲ.”

ಮಂಚದಡಿಯ ಪೆಟ್ಟಿಗೆಯ ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಧೂಳಿತ್ತು. ಸೊಸೆ ಅದನ್ನು ಎತ್ತಿದಳು. ಭಾರವೆನಿಸಲಿಲ್ಲ. ಆರು ವರ್ಷಗಳಿಂದ ಅದರಿಂದ ಒಂದೊಂದೇ ವಸ್ತು ತೆಗೆದು ಹಗುರ ಮಾಡುವುದನ್ನು ಕಲಿಸಿದವರು ಮೆಟ್ಟಿಲ ಮೇಲೆ ಕುಳಿತಿದ್ದರು, ಗಟ್ಟಿಯಾಗಿ ಎಣಿಸುತ್ತಿದ್ದರು.

“ಹದಿನಾರು... ಹದಿನೇಳು... ಬೆನ್ನು ಬಗ್ಗಿಸ್ಬೇಡ... ಹದಿನೆಂಟು...”

ಹತ್ತೊಂಬತ್ತನೇ ಮೆಟ್ಟಿಲು ಇಕ್ಕಟ್ಟಾಗಿತ್ತು. ಸೊಸೆ ನಿಂತಳು. ಅತ್ತೆ ನೋಯುವ ಮೊಣಕಾಲನ್ನು ಎರಡೂ ಕೈಗಳಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡು, ನೀಲಿ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ, ಅವಳಿಗೆ ದಾರಿ ಬಿಟ್ಟರು.

“ನಿಂತ್ಯಾಕೆ? ಇನ್ನೂ ಹದಿಮೂರಿದೆ,” ಎಂದರು.