ಠರಾವು ಪುಸ್ತಕ ಮತ್ತು ಸ್ಮೃತಿಯ ಚೀಟಿ

ಮಂಗಳವಾರ ಮಧ್ಯಾಹ್ನ ಸ್ಮೃತಿ ಹೆಗಡೆ ದುರ್ಗಪ್ಪನವರ ಜಗಲಿ ಹತ್ತಿದಾಗ ರಿಕ್ಷಾ ನಾಗುವಿಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಹೊನ್ನಾವರದ ಆ ಡಿಗ್ರಿ ಕಾಲೇಜಿನವರು ಯಾರು ಕಣ್ಣಿಗೆ ಬಿದ್ದರೂ ಎರಡು ತಿಂಗಳಿಂದ ಅವನಿಗೆ ಹಾಗೇ ಆಗುತ್ತಿತ್ತು. ಐದು ವರ್ಷಕ್ಕೊಮ್ಮೆ ಕಾಲೇಜು ತನ್ನ ಕತೆಯನ್ನು ತಾನೇ ಬರೆದು ನ್ಯಾಕ್‌ನವರಿಗೆ ಒಪ್ಪಿಸಬೇಕಂತೆ. ಆಮೇಲೆ ಅವರ ತಂಡ ಬಂದು ಕಾಗದ ಕಾಗದವನ್ನೂ ಮುಟ್ಟಿ ನೋಡಿ ಗ್ರೇಡು ಕೊಡುವುದಂತೆ. ಕತೆ ಬರೆಯುವುದು ಕಾಲೇಜಿನವರು, ಹೊರುವುದು ನಾಗುವಿನ ರಿಕ್ಷಾ. ಜೆರಾಕ್ಸಿಗೆ ಒಯ್ಯಿ, ಬೈಂಡಿಂಗಿಗೆ ಒಯ್ಯಿ, ಪುಟಸಂಖ್ಯೆ ತಪ್ಪಿತು ಎಂದು ಮತ್ತೆ ಜೆರಾಕ್ಸಿಗೆ ಒಯ್ಯಿ. ಮೀನು ಹೊತ್ತ ದಿನವೂ ಅವನ ರಿಕ್ಷಾ ಇಷ್ಟು ನಾತ ಹೊಡೆದಿರಲಿಲ್ಲ.

ದುರ್ಗಪ್ಪನವರು ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು. ಊರಿಲ್ಲದ, ಮನೆತನವಿಲ್ಲದ, ಬರೀ 'ನಮ್ಮ ಭಾವನಿಗೆ' ಎಂದು ವಿಳಾಸ ಬರೆದ ಕಾಗದವನ್ನೂ ಸರಿಯಾದ ಬಾಗಿಲಿಗೆ ಮುಟ್ಟಿಸಿದ ಹೆಸರು ಅವರಿಗಿತ್ತು. ನಿವೃತ್ತಿಯ ನಂತರ ತಾಲೂಕಿನ ಜನ ಕಾಗದದ ಬದಲು ತಮ್ಮ ಗೋಜಲುಗಳನ್ನು ತಂದು ಅವರ ಮುಂದೆ ಸುರಿಯತೊಡಗಿದ್ದರು. ಅಂಥ ಕಡೆಗೆಲ್ಲ ಅವರನ್ನು ಒಯ್ಯುವುದು ನಾಗು. ಬಾಡಿಗೆ ಕೊಡುತ್ತಾರೆ, ಬುದ್ಧಿ ಮಾತು ಹೇಳುವುದಿಲ್ಲ. ಅವನಿಗೆ ಅಷ್ಟು ಸಾಕಿತ್ತು.

"ಮಾಸ್ತರ್ರೇ, ಶುಕ್ರವಾರ ತಂಡ ಬರ್ತದೆ," ಸ್ಮೃತಿ ಕೂರುವ ಮೊದಲೇ ಶುರುಮಾಡಿದಳು. "ನ್ಯಾಕ್ ಕಮಿಟಿಯ ಐದು ವರ್ಷದ ಮೀಟಿಂಗಿನ ಠರಾವು ಬರೆದ ಪುಸ್ತಕ ಕಾಣ್ತಾ ಇಲ್ಲ. ನಾನೇ ಒಯ್ದೆ ಅಂತಿದ್ದಾರೆ."

"ಯಾರು?"

"ಪ್ರಿನ್ಸಿಪಾಲರು. ನಾಳೆ ಸಂಜೆ ಐದಕ್ಕೆ ಆಡಳಿತ ಮಂಡಳಿಗೆ ಪತ್ರ ಹೋಗ್ತದೆ. ಎಂಟು ವರ್ಷ ಆತು ನಾನು ಗೆಸ್ಟ್ ಲೆಕ್ಚರರ್ ಆಗಿ. ಮುಂದಿನ ತಿಂಗಳು ಕಾಯಂ ಹುದ್ದೆಗೆ ಸಂದರ್ಶನ. ಕಳ್ಳಿ ಅಂತ ಬರೆಸ್ಕೊಂಡವಳನ್ನ ಯಾರು ತಗೊಳ್ತಾರೆ?"

ದುರ್ಗಪ್ಪನವರು ಅವಳನ್ನು ಕೂರಿಸಿ ಒಂದೊಂದೇ ಕೇಳಿದರು. ದಾಖಲೆಗಳ ಕಪಾಟಿಗೆ ಇದ್ದದ್ದು ಒಂದೇ ಕೀಲಿ. ಶನಿವಾರ ಮಧ್ಯಾಹ್ನದವರೆಗೆ ಅದು ನ್ಯಾಕ್ ಕೆಲಸದ ಮುಖ್ಯಸ್ಥ ವಿನೋದ ಸರ್ ಹತ್ತಿರ ಇತ್ತು. ಅವರು ಭಟ್ಕಳಕ್ಕೆ ಮದುವೆಗೆ ಹೋಗುವ ಗಡಿಬಿಡಿಯಲ್ಲಿ ಕೀಲಿಯನ್ನು ಸ್ಮೃತಿಗೆ ಕೊಟ್ಟು, ಪ್ರಿನ್ಸಿಪಾಲರು ಕೇಳಿದ್ದಾರೆಂದು, ಕಪಾಟಿನಲ್ಲಿ ಏನಿದೆ ಏನಿಲ್ಲ ಎಂದು ಒಂದು ಚೀಟಿ ಬರೆದಿಡಲು ಹೇಳಿದರು. ಅವಳು ಬರೆದು ಅವರ ಮೇಜಿನ ಮೇಲಿಟ್ಟು, ಕೀಲಿಯೊಂದಿಗೆ ಮನೆಗೆ ಹೋದಳು. ಸೋಮವಾರ ಬೆಳಿಗ್ಗೆ ಎಲ್ಲರೆದುರು ಕಪಾಟು ತೆರೆದಾಗ ಪುಸ್ತಕವಿಲ್ಲ.

"ಚೀಟಿಯಲ್ಲಿ ಪುಸ್ತಕದ ಬಗ್ಗೆ ಎಂತ ಬರೆದಿದ್ದೆ, ತಂಗೀ?"

"ಪುಸ್ತಕ ಆಗಲೇ ಇರ್ಲಿಲ್ಲ. ಇರ್ಲಿಲ್ಲ ಅಂತಲೇ ಬರ್ದೆ. ಪ್ರಿನ್ಸಿಪಾಲರು ಮಾತ್ರ, ಇತ್ತು ಅಂತ ನೀವೇ ಬರ್ದಿದ್ದೀರಿ, ಅಂತಾರೆ. ಚೀಟಿ ತೋರ್ಸಿ ಅಂದ್ರೆ, ಅದು ಸಾಕ್ಷಿ ಅಂತ ಡ್ರಾವರಿಗೆ ಹಾಕಿ ಬೀಗ."

"ಇಲ್ಲ ಅಂತ ಕಂಡಾಗ ಬಾಯಿ ಬಿಟ್ಟು ಯಾರಿಗೂ ಹೇಳ್ಲಿಲ್ವಾ?"

"ಆ ಕಪಾಟಿನಲ್ಲಿ ದಿನಾ ಏನಾದ್ರೂ ಒಂದು ಇರೂದಿಲ್ಲ ಮಾಸ್ತರ್ರೇ. ಯಾರೋ ಒಯ್ತಾರೆ, ಯಾರೋ ತಂದಿಡ್ತಾರೆ. ಅದು ಹನ್ನೆರಡನೇ ಶನಿವಾರ. ನನಗೂ ಸಾಕಾಗಿತ್ತು."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅವಳು ಮುಖ ತಿರುಗಿಸಿ, "ಇಲ್ಲೆ ಆಯಿ, ಊಟ ಆಜಿಲ್ಲೆ. ಬತ್ತೆ. ಆರೂವರೆಗೆ ಬಸ್ಸು ಇದ್ದು," ಎಂದು ತಾಯಿಗೆ ಹೇಳಿ ಇಟ್ಟಳು. ಕಣ್ಣು ಒರೆಸಿಕೊಂಡದ್ದನ್ನು ನಾಗು ನೋಡಿ, ನೋಡದವನಂತೆ ರಿಕ್ಷಾದ ಗಾಜು ಒರೆಸಲು ಹೋದ.

ಬುಧವಾರ ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯುದ್ದಕ್ಕೂ ನಾಗು ವಟಗುಟ್ಟುತ್ತಲೇ ಇದ್ದ.

"ಅವರ ಪುಸ್ತಕ ಹೋದ್ರೆ ಹೋಗ್ಲಿ. ಹೋದ ವಾರ ನನ್ನ ಶುಕ್ರವಾರ ಹೋಯ್ತಲ್ಲ, ಅದನ್ನ ಯಾರು ಹುಡ್ಕಿ ಕೊಡ್ತಾರೆ? ವಿನೋದ ಸರ್ ಒಂದು ಪೊಟ್ಟಣ ಕೊಟ್ರು, ಥೀಸಿಸ್ ಅಂತೆ, ಬೈಂಡಿಂಗಿಗೆ ಕುಮಟೆಯ ಈರನಿಗೆ ಮುಟ್ಸು ಅಂತ. ಹೊನ್ನಾವರದಲ್ಲಿ ಬೈಂಡಿಂಗಿನವ್ರು ಸತ್ತು ಹೋಗಿದ್ರಾ? ಅಲ್ಲಿ ಹೋದ್ರೆ ಆ ಈರ ಒಳಗೆ ಒಯ್ದು ಬಿಚ್ಚಿ ನೋಡಿ, ಹಳೇ ಹೊಲಿಗೆ ಪೂರ್ತಿ ಬಿಚ್ಚೂದೋ ಅರ್ಧವೋ ಕೇಳು ಅಂತಾನೆ. ಇವ್ರಿಗೆ ಫೋನು ಹಚ್ಚಿದ್ರೆ ಎತ್ತೂದಿಲ್ಲ. ಅರ್ಧ ಗಂಟೆ ನಿಂತೆ ಮಾರಾಯ್ರೆ. ಕಡೆಗೆ, ಅರ್ಧ ಸಾಕು, ಅಂದ್ರು."

"ಪೊಟ್ಟಣ ಎಷ್ಟು ಭಾರ ಇತ್ತು?"

"ಭಾರ ಎಂತ, ನಮ್ಮ ಸೊಸೈಟಿಯ ಹಳೇ ರಿಜಿಸ್ಟರಿನಷ್ಟು ಉದ್ದ ಇತ್ತು."

ಕಾಲೇಜಿನ ಗೇಟು ಬಂದಾಗ ದುರ್ಗಪ್ಪನವರು ಇಳಿದು ಬಾಡಿಗೆ ಎಣಿಸಿ ಕೊಟ್ಟರು.

ಪ್ರಿನ್ಸಿಪಾಲ ಡಾ. ಸಂಜಯ ಅರಸು ಮೈಸೂರಿನವರು. ಹೊನ್ನಾವರಕ್ಕೆ ಬಂದು ಎಂಟು ತಿಂಗಳಾಗಿತ್ತು. ಅದರಲ್ಲಿ ಆರು ತಿಂಗಳನ್ನು ಈ ವರದಿ ತಿಂದುಹಾಕಿತ್ತು. ಕಣ್ಣ ಕೆಳಗೆ ಕಪ್ಪು ಕಟ್ಟಿದ್ದ ಅವರು ಡ್ರಾವರು ತೆರೆದು, ಪ್ಲಾಸ್ಟಿಕ್ ಕವರಿನಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟರು.

"ನೋಡಿ ಇವ್ರೇ, ನಂಗೇನು ಆ ಹುಡುಗಿ ಮೇಲೆ ದ್ವೇಷ ಇಲ್ಲ. ಆದ್ರೆ ಕನ್ನಡ ಓದೋಕೆ ಬರುತ್ತಲ್ಲ ನಂಗೆ. ಹತ್ತು ಸಾಲು ಇದೆ. ಏಳನೇದು, ಠರಾವು ಪುಸ್ತಕ, ಇಲ್ಲೇ. ಒಂಬತ್ತನೇದು, ಕಟ್ಟಡದ ನಕ್ಷೆ, ಇಲ್ಲೇ. ಅಂದ್ರೆ ಶನಿವಾರ ಸಂಜೆ ಪುಸ್ತಕ ಅಲ್ಲೇ ಇತ್ತು. ಆಮೇಲೆ ಕೀಲಿ ಇದ್ದದ್ದು ಇವರ ಹತ್ರ ಮಾತ್ರ. ಕಮಿಟಿಲಿ ಹೆಸರು ಹಾಕ್ಲಿಲ್ಲ ಅಂತ ಹಿಂದಿನ ವಾರ ಜಗಳಾನೂ ಆಡಿದ್ರು."

"ಉಳಿದ ಎಂಟು ಸಾಲು?"

"ಅದೇನೋ 'ಇದ್ದು' ಅಂತ ಬರ್ದಿದಾರೆ. ಇದ್ದು ಏನಾಯ್ತು ಅಂತ ವಾಕ್ಯ ಪೂರ್ತಿ ಮಾಡಿಲ್ಲ. ಅದೇನು ಮುಖ್ಯ ಅಲ್ಲ ಸಾರ್ ಅಂದ್ರು, ಚೀಟಿ ತಂದ್ಕೊಟ್ಟ ವಿನೋದ್."

ನಾಗು ಕುತ್ತಿಗೆ ಉದ್ದ ಮಾಡಿ ದೂರದಿಂದ ನೋಡಿದ. ಫೈಲುಗಳ ಬೆನ್ನ ಮೇಲೆ ದಿನಾ ಕಾಣುತ್ತಿದ್ದ ಅದೇ ದುಂಡು ಅಕ್ಷರ. ಹೊಡೆದು ಹಾಕಿದ್ದಿಲ್ಲ, ತಿದ್ದಿದ್ದಿಲ್ಲ. ನಿನ್ನೆ ಜಗಲಿಯಲ್ಲಿ ಕಣ್ಣು ಒರೆಸಿಕೊಂಡವಳು ಸುಳ್ಳು ಹೇಳಿದಳೇ?

"ಆ ಕಟ್ಟಡದ ನಕ್ಷೆ ಈಗ ಎಲ್ಲಿದೆ?" ದುರ್ಗಪ್ಪನವರು ಕೇಳಿದರು.

"ನಮ್ಮನೇಲಿ. ಎಂಜಿನಿಯರಿಗೆ ತೋರ್ಸೋಕೆ ಅಂತ ಗುರುವಾರಾನೇ ತಗೊಂಡೋಗಿದ್ದೆ. ಯಾಕೆ?"

"ಸುಮ್ಮನೆ ಕೇಳ್ದೆ. ಮೂರು ಗಂಟೆಗೆ ಎಲ್ಲರನ್ನೂ ಇಲ್ಲಿ ಕರೀರಿ. ನಿಮ್ಮ ಪತ್ರ ಅಲ್ಲಿವರೆಗೆ ನಿಲ್ಲಲಿ."

ಹೊರಗೆ ವಿನೋದ ಸರ್ ಸಿಕ್ಕಿದರು. ಕುಮಟೆಯವರು, ನಗುಮುಖ, ಎಲ್ಲರಿಗೂ ಬೇಕಾದವರು. "ಪಾಪದ ಹುಡುಗಿ ಮಾಸ್ತರ್ರೇ," ಎಂದರು. "ನಾನಿದ್ದಿದ್ರೆ ಹೀಗಾಗೂಕೆ ಬಿಡ್ತಿರ್ಲಿಲ್ಲ. ಶನಿವಾರ, ಆದಿತ್ಯವಾರ ಎರಡೂ ದಿನ ಭಟ್ಕಳದಲ್ಲೇ ಇದ್ದೆ. ಬೇಕಾದ್ರೆ ಮದುವೆ ವಿಡಿಯೋ ನೋಡಿ."

"ನೋಡೂದು ಬೇಡ, ನಂಬ್ತೆ," ಎಂದು ದುರ್ಗಪ್ಪನವರು ಆಫೀಸಿಗೆ ಹೋದರು. ಅಲ್ಲಿ ಸೂಪರಿಂಟೆಂಡೆಂಟ್ ರೇಖಾ ಫೈಲುಗಳ ನಡುವೆ ತಲೆ ಮಾತ್ರ ಕಾಣುವಂತೆ ಕೂತಿದ್ದರು.

"ರೇಖಕ್ಕ, ಐದು ವರ್ಷದಲ್ಲಿ ಈ ಕಮಿಟಿಯ ಮೀಟಿಂಗಿಗೆ ಎಷ್ಟು ಸಲ ಚಾ ತರಿಸಿದ್ರಿ?"

"ನಾಲ್ಕು ಸಲ. ನಾಲ್ಕು ಸಲವೂ ಬಿಸ್ಕಿಟ್ ಉಳಿದಿತ್ತು."

"ವರದಿಯಲ್ಲಿ ಎಷ್ಟು ಮೀಟಿಂಗ್ ಅಂತ ಇದೆ?"

ರೇಖಾ ಪುಟ ತಿರುವಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿದರು. "ಇಪ್ಪತ್ತು," ಎಂದರು.

ದುರ್ಗಪ್ಪನವರು ನಾಗುವಿನ ಹೆಗಲ ಮೇಲೆ ಕೈ ಇಟ್ಟರು. "ಕುಮಟೆಗೆ ಹೋಗಿ ಬಾ. ಈರನ ಹತ್ರ ವಿನೋದ ಸರ್ ಪೊಟ್ಟಣ ಕೇಳು. ಕೆಲಸ ಮುಗೀದಿದ್ರೂ ಅಡ್ಡಿಲ್ಲ, ಇದ್ದಂತೇ ತಾ. ಬಿಚ್ಚಿ ನೋಡಬೇಡ."

ಮತ್ತೆ ಕುಮಟೆ. ನಾಗು ಬಾಯಲ್ಲಿ ಬಂದದ್ದನ್ನು ಬಾಯಲ್ಲೇ ನುಂಗಿ ಕಿಕ್ ಹೊಡೆದ.

ಮೂರು ಗಂಟೆಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ವಿನೋದ, ರೇಖಾ, ಸ್ಮೃತಿ ಕೂತಿದ್ದರು. ಬೆವರಿಳಿಸಿಕೊಂಡು ಬಂದ ನಾಗು ಪೊಟ್ಟಣವನ್ನು ದುರ್ಗಪ್ಪನವರ ಕಾಲ ಬಳಿ ಇಟ್ಟು ಬಾಗಿಲಿಗೆ ಒರಗಿದ. ಅದನ್ನು ಕಂಡು ವಿನೋದ ಸರ್ ಮುಖದ ನಗು ಹಾಗೇ ಉಳಿಯಿತು, ಬಣ್ಣ ಮಾತ್ರ ಇಳಿಯಿತು.

"ಮೊದಲು ಚೀಟಿ," ದುರ್ಗಪ್ಪನವರು ಶುರುಮಾಡಿದರು. "ಪುಸ್ತಕ ಇರ್ಲಿಲ್ಲ ಅಂತ ಬರ್ದೆ ಅಂತಾಳೆ ಈ ಹುಡುಗಿ. ಇತ್ತು ಅಂತ ಬರ್ದಿದೆ ಅಂತೀರಿ ನೀವು. ಅಕ್ಷರ ಅವಳದ್ದೇ, ಯಾರೂ ತಿದ್ದಲಿಲ್ಲ. ಹಂಗಾದ್ರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ಬೇಕು. ಯಾರೂ ಹೇಳ್ಲಿಲ್ಲ. ಸಾಹೇಬ್ರೇ, ನಕ್ಷೆಯನ್ನ ನೀವು ಗುರುವಾರ ಮನೆಗೆ ಒಯ್ದ್ರಿ. ಶನಿವಾರ ಸಂಜೆ ಇವಳು ಕಪಾಟು ನೋಡಿ ನಕ್ಷೆಯ ಮುಂದೆ ಎಂತ ಬರ್ದಿದ್ದಾಳೆ?"

ಪ್ರಿನ್ಸಿಪಾಲರು ಚೀಟಿ ನೋಡಿದರು. "ಇಲ್ಲೇ ಅಂತ."

"ನಿಮ್ಮ ಮನೆಯಲ್ಲಿದ್ದ ನಕ್ಷೆ ಕಪಾಟಿನಲ್ಲಿ ಇರೂದು ಹೆಂಗೆ?"

ಪ್ರಿನ್ಸಿಪಾಲರು ಚೀಟಿಯನ್ನು ಕಣ್ಣ ಹತ್ತಿರ ಹಿಡಿದರು.

"ಅದು 'ಇಲ್ಲೇ' ಅಲ್ಲ, 'ಇಲ್ಲೆ'. ಕೊನೇ ಅಕ್ಷರಕ್ಕೆ ದೀರ್ಘ ಇಲ್ಲ, ನೋಡಿ. ಹೆಗಡೇರು, ಭಟ್ಟರ ಮನೇಲಿ 'ಇಲ್ಲೆ' ಅಂದ್ರೆ ಇಲ್ಲ. 'ಇದ್ದು' ಅಂದ್ರೆ ಇದೆ. ನಿನ್ನೆ ನಮ್ಮ ಜಗಲಿಯಲ್ಲಿ ಇವಳು ತಾಯಿ ಹತ್ರ ಆಡಿದ್ದೂ ಅದೇ ಮಾತು. ಹನ್ನೆರಡು ಶನಿವಾರ ದುಡಿದು ಸುಸ್ತಾದ ಕೈಗೆ ಪುಸ್ತಕದ ಭಾಷೆ ನೆನಪಾಗ್ಲಿಲ್ಲ, ಮನೆಮಾತು ಬಂತು. ಎಂಟು ಇದ್ದು, ಎರಡು ಇಲ್ಲೆ. ನೀವು ಇಡೀ ಚೀಟಿಯನ್ನ ತಿರುಗಾಮುರುಗಾ ಓದಿದ್ದೀರಿ."

ಸ್ಮೃತಿ ಚೀಟಿಯನ್ನು ಬರೆದ ಮೇಲೆ ಆಗಲೇ ಮೊದಲ ಸಲ ನೋಡಿದಳು. "ಅಯ್ಯೋ, ಹೀಗೆ ಬರ್ದಿದ್ನಾ," ಎಂದಳು, ಬಹಳ ಮೆಲ್ಲಗೆ. ನಾಗು ಹಣೆ ಉಜ್ಜಿಕೊಂಡ. ಹುಟ್ಟಿದಾಗಿನಿಂದ ಕೇಳಿದ ಮಾತು ಮೈಸೂರಿನವರ ಬಾಯಲ್ಲಿ ಬಂದದ್ದಕ್ಕೆ ಅವನಿಗೂ ಗೊತ್ತಾಗಿರಲಿಲ್ಲ.

"ಸಾಹೇಬ್ರು ಪರ ಊರಿನವರು, ಅವರ ತಪ್ಪು ತಪ್ಪಲ್ಲ," ಎಂದು ದುರ್ಗಪ್ಪನವರು ಮುಂದುವರಿಸಿದರು. "ಆದ್ರೆ ಸೋಮವಾರ ಈ ಚೀಟಿ ತಂದು ತೋರಿಸಿದ ವಿನೋದ ಸರ್ ಕುಮಟೆಯವರು. ಇಲ್ಲಿ ಬೆಳೆದ ಯಾರಿಗೇ ಆದ್ರೂ, ಕಾಗದ ಕಣ್ಣೆದುರು ಹಿಡಿದ್ರೆ, 'ಇಲ್ಲೆ' ಅಂದ್ರೆ ಎಂತ ಅಂತ ಗೊತ್ತು. ಗೊತ್ತಿದ್ದೂ ಸುಮ್ಮನಿದ್ರು. 'ಇದ್ದು' ಅಂದ್ರೆ ಎಂತ ಅಂತ ಕೇಳಿದ್ದಕ್ಕೆ, ಮುಖ್ಯ ಅಲ್ಲ ಅಂದ್ರು. ನನಗೆ ಅಲ್ಲೇ ಎಲ್ಲ ತಿಳೀತು. ಪುಸ್ತಕ ಶನಿವಾರಕ್ಕೆ ಮೊದ್ಲೇ ಹೋಗಿದ್ರೆ ಮದುವೆ ವಿಡಿಯೋ ಯಾವ ಕೆಲಸಕ್ಕೆ? ಶನಿವಾರಕ್ಕೆ ಮೊದ್ಲು ಕೀಲಿ ಇದ್ದದ್ದು ಅವರ ಹತ್ರವೇ."

"ನಾನು ಯಾಕೆ ಕದೀಬೇಕು?" ವಿನೋದ ಸರ್ ಕೇಳಿದರು. "ವರದಿ ಬರ್ದವನೇ ನಾನು."

"ಅದಕ್ಕೇ. ವರದಿಯಲ್ಲಿ ಇಪ್ಪತ್ತು ಮೀಟಿಂಗ್ ಬರ್ದ್ರಿ. ಪುಸ್ತಕದಲ್ಲಿ ನಾಲ್ಕೇ ಇತ್ತು. ತಂಡ ಮೂಲ ಪುಸ್ತಕ ಕೇಳ್ತದೆ. ಸುಡೂಕೂ ಆಗೂದಿಲ್ಲ, ಎಲ್ಲರ ಸಹಿ ಅದರಲ್ಲೇ. ಹಾಗಾಗಿ ನಡುವೆ ಹಾಳೆ ಸೇರಿಸೂಕೆ ಕಳ್ಸಿದ್ರಿ. ಹೊಸ ಥೀಸಿಸಿಗೆ ಹಳೇ ಹೊಲಿಗೆ ಎಲ್ಲಿಂದ ಬರ್ತದೆ, ಸರ್? ಈರ ನಾಗುವಿನ ಹತ್ರ ಕೇಳಿದ್ದು ಅದನ್ನೇ." ಅವರು ಪೊಟ್ಟಣ ಬಿಚ್ಚಿದರು. ಕೆಂಪು ಬಟ್ಟೆಯ ರಟ್ಟಿನ ಠರಾವು ಪುಸ್ತಕ, ಅರ್ಧ ಹೊಲಿಗೆ ಬಿಚ್ಚಿದ್ದು, ನಡುವೆ ಬಿಳಿಬಿಳಿ ಖಾಲಿ ಹಾಳೆಗಳು.

"ಆದಿತ್ಯವಾರ ಈರನಿಗೆ ಜ್ವರ ಬಂತಂತೆ," ನಾಗುವಿಗೆ ತಡೆಯಲಾಗಲಿಲ್ಲ. "ಇಲ್ದಿದ್ರೆ ಸೋಮವಾರ ಬೆಳಿಗ್ಗೆ ತಂದಿಡೂದಿತ್ತು. ಅಂತೂ ಕದ್ದ ಮಾಲು ಹೊತ್ತವ ನಾನೇ ಆದೆ."

ವಿನೋದ ಸರ್ ಆ ಖಾಲಿ ಹಾಳೆಗಳನ್ನು ಒಳಕ್ಕೆ ತಳ್ಳಿ ರಟ್ಟು ಮುಚ್ಚಿದರು. "ಮೀಟಿಂಗ್ ಕರೆದ್ರೆ ಯಾರು ಬರ್ತಿದ್ರು?" ಎಂದರು. "ಒಬ್ಬನೇ ಐದು ವರ್ಷ ಹೊತ್ತೆ. ಎಲ್ಲರಿಗೂ ಗ್ರೇಡ್ ಬೇಕು, ಕೂತು ಮಾತಾಡೂಕೆ ಯಾರಿಗೂ ಪುರಸೊತ್ತಿಲ್ಲ. ಸೋಮವಾರ ಸಾಹೇಬ್ರು ಚೀಟಿ ನೋಡಿ, ಪುಸ್ತಕ ಇಲ್ಲೇ ಇತ್ತಾ ಅಂದ್ರು. ನಾನು ಹೌದು ಅಂದೆ. ಅಷ್ಟೇ."

"ಆ ಒಂದು ಹೌದಿಗೆ ನನ್ನ ಎಂಟು ವರ್ಷ ಹೋಗ್ತಿತ್ತು ಸರ್," ಎಂದಳು ಸ್ಮೃತಿ.

ಪ್ರಿನ್ಸಿಪಾಲರು ವಿನೋದರನ್ನು ಹೊರಗೆ ಕಳಿಸಿ, ಆಡಳಿತ ಮಂಡಳಿಗೆ ಬರೆದಿದ್ದ ಪತ್ರವನ್ನು ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ತಲೆ ಮೇಲೆ ಕೈ ಹೊತ್ತು, "ನಾಡಿದ್ದು ತಂಡ ಬರುತ್ತೆ ಕಣ್ರಿ. ಇನ್ನಿದನ್ನ ನೋಡ್ಕೊಳೋರು ಯಾರು? ಸ್ಮೃತಿ, ನೀವೇ ವಹಿಸ್ಕೋಬೇಕು," ಎಂದರು.

"ನಾಲ್ಕು ಮೀಟಿಂಗ್ ಅಂದ್ರೆ ನಾಲ್ಕೇ ಅಂತ ತಂಡಕ್ಕೆ ಹೇಳ್ತೇನೆ. ಒಪ್ತೀರಾ?"

"ಗ್ರೇಡ್ ಇಳಿಯುತ್ತೆ."

"ಇಳೀಲಿ. ಅದಕ್ಕೆ ಮೊದ್ಲು, ನಾನು ಕಳ್ಳಿ ಅಲ್ಲ ಅಂತ ನನಗೊಂದು ಪತ್ರ ಕೊಡಿ."

ಪ್ರಿನ್ಸಿಪಾಲರು ಹೇಳಿದರು, ರೇಖಾ ಟೈಪ್ ಮಾಡಿದರು. ಪ್ರಿಂಟ್ ಬಿಸಿಬಿಸಿಯಾಗಿಯೇ ಸ್ಮೃತಿಯ ಕೈಗೆ ಬಂತು. ಅವಳು ನಿಂತಲ್ಲೇ ಒಂದೊಂದು ಶಬ್ದಕ್ಕೂ ಬೆರಳಿಟ್ಟು ಓದಿದಳು. ಮೂರನೇ ಸಾಲಿನಲ್ಲಿ ಬೆರಳು ನಿಂತಿತು.

"ಇದೆಂತ ಸರ್, 'ತಪ್ಪು ತಿಳಿವಳಿಕೆಯಿಂದಾಗಿ' ಅಂತ?"

"ಅದು ಆಫೀಸಿನ ಭಾಷೆ ಕಣಮ್ಮ. ಹಾಗೇ ಬರೀತಾರೆ."

ಸ್ಮೃತಿ ರೇಖಾರ ಮೇಜಿನಿಂದ ಪೆನ್ನು ತೆಗೆದು ಆ ಎರಡು ಶಬ್ದಗಳನ್ನು ಹೊಡೆದು, ಮೇಲೆ 'ಸುಳ್ಳು ಆರೋಪದಿಂದಾಗಿ' ಎಂದು ದುಂಡಗೆ ಬರೆದು, ಕಾಗದವನ್ನು ಮತ್ತೆ ಟೈಪಿಗೆ ಕೊಟ್ಟಳು.