ಎತ್ತದ ಕೈ

ಚರ್ಚಿನ ಬಾಗಿಲು ತಳ್ಳಿದವಳು ಹಾಗೇ ನಿಂತುಬಿಟ್ಟಳು.

ಪಾದ್ರಿ ನಿಂತು ಉಪದೇಶ ಮಾಡುವ ಪ್ರಸಂಗಪೀಠದೊಳಗೆ ಸುತ್ತಿಗೆಯ ಸದ್ದು. ಎರಡು ವರ್ಷ ಮುಖ ತೋರಿಸದಿದ್ದ ಬಡಗಿ ಅಲ್ಲಿ ಮಂಡಿಯೂರಿ ಕೂತಿದ್ದ.

ಇವತ್ತೇ ಬರಬೇಕಿತ್ತಾ ಇವನು...

ಇನ್ನೆರಡು ಗಂಟೆಗೆ ಅವಳ ದೀಕ್ಷೆ. ಈ ಸಭೆಯ ಮೊದಲ ಹೆಣ್ಣು ಪಾದ್ರಿ ಅವಳು.

ಒಂದು ಕಾಲಕ್ಕೆ ಅವರಿಬ್ಬರ ಮದುವೆ ಗೊತ್ತಾಗಿತ್ತು. ಅವಳ ದೀಕ್ಷೆಯ ಪ್ರಶ್ನೆ ಮೊದಲ ಸಲ ಸಭೆಯ ಮುಂದೆ ಬಂದಾಗ, ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ವಾಡಿಕೆಯಂತೆ ಗಂಡಸರ ಕೈ ಎಣಿಸಿದರು. ಒಂದೇ ಒಂದು ಕೈ ಕಡಿಮೆ ಬಿತ್ತು. ಬಡಗಿ ಕೈ ಎತ್ತಲಿಲ್ಲವೆಂದು ಚಿಕ್ಕಮ್ಮ ಬಂದು ಹೇಳಿದಳು. ಇವಳು ಏನೂ ಕೇಳದೆ ಉಂಗುರ ವಾಪಸ್ ಕಳಿಸಿದಳು.

ಅಂದಿನಿಂದ ಆ ಕೈ ಬೆನ್ನು ಬಿಟ್ಟಿರಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಅದೇ ಕೈ, ತೊಡೆಯ ಮೇಲೆ, ಅಲುಗದೆ.

ಈ ವರ್ಷ ಯಾರೋ ಮನೆಮನೆ ಸುತ್ತಿ ಸಹಿ ಹಾಕಿಸಿ, ಹೆಂಗಸರ ಕೈಯನ್ನೂ ಎಣಿಕೆಗೆ ತಂದಿದ್ದರು. ದೂರದಲ್ಲಿ ಓದುತ್ತಿದ್ದ ಅವಳಿಗೆ ಯಾರೆಂದು ತಿಳಿದಿರಲಿಲ್ಲ.

ಇನ್ನೊಂದು ನೆರಳೂ ಇತ್ತು. ತೀರಿಹೋದ ಅಮ್ಮ. ಪಾದ್ರಿಯಾಗಿದ್ದ ಅಪ್ಪನ ಪ್ರಸಂಗಗಳನ್ನೆಲ್ಲ ಬರೆದವಳು ಅಮ್ಮನೇ. ಅಪ್ಪ ಮಾತಾಡುವಾಗ ಕೊನೆಯ ಬೆಂಚಿನಲ್ಲಿ ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಆ ಬೆಂಚಿನ ಕಡೆ ನೋಡಲು ಮಗಳಿಗೆ ಇಂದಿಗೂ ಭಯ. ತುಟಿ ಇನ್ನೂ ಅಲುಗುತ್ತಿದ್ದರೆ...?

“ಮುಗೀತಾ ನಿಮ್ಮ ಕೆಲಸ?”

“ಒಂದು ಮೊಳೆ ಬಾಕಿ.” ಅವನು ತಲೆ ಎತ್ತಲಿಲ್ಲ.

“ಅವತ್ತು ಯಾಕೆ ಕೈ ಎತ್ತಲಿಲ್ಲ?”

ಸುತ್ತಿಗೆ ನಿಂತಿತು.

“ನಮ್ಮಮ್ಮ ಕೈ ಎತ್ತಿದ್ರು. ಇಳಿಸಮ್ಮ, ನಿಂದು ಲೆಕ್ಕಕ್ಕಿಲ್ಲ ಅಂದ್ರು ಹಿರಿಯರು. ಹಾಗಾದ್ರೆ ನಂದೂ ಬೇಡ ಅಂದೆ. ದೇವರ ಮುಂದೆ ಎಲ್ಲರೂ ಸಮ ಅಂತ ನೀನೇ ಹೇಳ್ತಿದ್ಯಲ್ಲ... ಒಂದೇ ಕೈಯಲ್ಲಿ ಸೋಲ್ತೀಯ ಅಂತ ಗೊತ್ತಿರಲಿಲ್ಲ. ಆಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ?”

ಅವಳು ಪೀಠದ ಹತ್ತಿರ ಬಂದಳು. “ಹಾಗಾದ್ರೆ ಮನೆಮನೆ ಸುತ್ತಿದ್ದು...”

ಅವನ ಕಿವಿ ಕೆಂಪಾಯಿತು. ಕೊನೆಯ ಮೊಳೆ ಹೊಡೆದು, ಹತ್ತಿ ನೋಡೆಂದು ಸರಿದು ನಿಂತ.

ಎತ್ತರದ ಗಂಡಸರಿಗೆಂದು ಮಾಡಿದ ಪೀಠ ಅದು. ಈಗ ಕಾಲಡಿಗೆ ಹೊಸ ಹಲಗೆ. ಹತ್ತಿ ನಿಂತವಳಿಗೆ ಇಡೀ ಚರ್ಚು ಕಾಣುತ್ತಿತ್ತು.

“ನನ್ನ ಅಳತೆ ಯಾವಾಗ ತಗೊಂಡೆ?”

“ನಿಂದಲ್ಲ, ನಿಮ್ಮಮ್ಮಂದು. ಒಂದು ಮಧ್ಯಾಹ್ನ ಕಿಟಕಿ ರಿಪೇರಿಗೆ ಬಂದಿದ್ದೆ. ಯಾರೂ ಇಲ್ಲ ಅಂದ್ಕೊಂಡು ಇಲ್ಲಿ ನಿಂತು ಪ್ರಸಂಗ ಓದ್ತಿದ್ರು. ಕೆಳಗಿಂದ ಬೈತಲೆ ಮಾತ್ರ ಕಾಣ್ತಿತ್ತು.”

ಅಮ್ಮ ತೀರಿಹೋದ ಮೇಲೆ ಅವಳು ಮೊದಲ ಬಾರಿ ಕೊನೆಯ ಬೆಂಚಿನತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಕಾಲಡಿಯ ಹಲಗೆ ಮಾತ್ರ, ಇಬ್ಬರು ನಿಂತಂತೆ, ಮೆಲ್ಲಗೆ ಕಿರುಗುಟ್ಟಿತು.

“ಉಂಗುರ ಇದೆಯಾ?”

“ಉಳಿ ಪೆಟ್ಟಿಗೇಲಿ. ಎರಡು ವರ್ಷದಿಂದ ಅದೂ ಕೆಲಸಕ್ಕೆ ಬರ್ತಿದೆ ನನ್ನ ಜೊತೆ.”

ಅವಳು ಅಳುತ್ತಲೇ ನಕ್ಕಳು. “ಪ್ರಸಂಗಕ್ಕೆ ಇರ್ತೀಯಲ್ವಾ?”

“ಕೊನೆ ಬೆಂಚಲ್ಲಿ ಇರ್ತೀನಿ.”

“ಬೇಡ... ಅದು ಅಮ್ಮಂದು. ನೀನು ಮುಂದೆ ಕೂತ್ಕೋ.”