ಯಾರ ಪೈಕಿ

ಹತ್ತಿರಾಶಿಯ ಹಿಂದಿನಿಂದ ಎಳೆದು ತಂದವನ ಮುಖದ ಮೇಲೆ ಮೇಸ್ತ್ರಿ ಉಚ್ಚೀರಪ್ಪನ ಮುಷ್ಟಿ ಬಿದ್ದ ಸದ್ದು ಜಿನ್ನಿಂಗ್ ಮಿಲ್ಲಿನ ಆಫೀಸಿನೊಳಗಿದ್ದ ಹೇಮಾವತಿಗೂ ಕೇಳಿಸಿತು. ಹೋದ ವಾರ ಯಾರೋ ರಾಶಿಗೆ ಬೆಂಕಿ ಇಟ್ಟು ಓಡಿದ್ದರು; ಅಂದಿನಿಂದ ಹಮಾಲರ ಕೈ ತುರಿಸುತ್ತಿತ್ತು.

"ಎವರ್ರಾ ನುವ್ವು? ಯಾರಲೇ ನೀ? ಯಾರ ಪೈಕಿ, ಹೇಳಲೇ," ಎಂದು ತೆಲುಗು ಬೆರೆಸಿ ಗದರಿದ ಉಚ್ಚೀರಪ್ಪ.

ಅವನು ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದ. ಬೆನ್ನ ಮೇಲೆ ಬಡಿಗೆ ಬಿತ್ತು. ತುಟಿಯ ರಕ್ತ ಬಿಳಿ ಹತ್ತಿಯ ಮೇಲೆ ತೊಟ್ಟಿಕ್ಕಿತು.

ಕಿಟಕಿಗೆ ಬಂದ ಹೇಮಾವತಿ ಅವನ ಗುರುತು ಹಿಡಿದಳು. ಗಡಿಯಾಚೆಯ ಪತ್ತಿಕೊಂಡದ ಹತ್ತಿ ವ್ಯಾಪಾರಿ ಸೋಮೇಶ.

ಮಿಲ್ಲಿನ ಯಜಮಾನ, ಅಪ್ಪ ಹಾಲಸ್ವಾಮಿ, ಮಗಳ ಫೋನನ್ನು ತಾನೇ ತೆಗೆದು ನೋಡುವವನು. ಮಿಲ್ಲಿನ ಮೇಲ್ ಮಾತ್ರ ಆಕೆಯ ಕೈಯಲ್ಲಿತ್ತು; ಹಾಗಾಗಿ ಸೋಮೇಶ ಮಿಲ್ಲಿಗೆ ಕಳಿಸುವ ಹತ್ತಿ ದರದ ಮೇಲ್‌ಗಳ ಕೊನೆಯಲ್ಲಿ ಆಕೆಗೊಂದು ಸಾಲು ಇಡುತ್ತಿದ್ದ: "ಅರಳೆಯಂಥ ಮೋಡ ಬಂದಾವ, ನಿನ್ನ ಕಡೆ ಕಳಿಸೀನಿ." ಬೆಂಕಿ ಬಿದ್ದ ದಿನದಿಂದ ಆ ಸಾಲೂ ಇಲ್ಲ, ದರವೂ ಇಲ್ಲ. ಮರೆತನೆಂದು ಆಕೆ ಒಳಗೊಳಗೇ ಬೆಂದಿದ್ದಳು.

ಈಗ ಹೊಳೆಯಿತು. ಸುಳ್ಳು ಆರ್ಡರಿನ ಮೇಲ್‌ಗಳ ಕಾಟ ತಾಳದೆ ಅದೇ ದಿನ ಆಕೆಯೇ ಮಿಲ್ಲಿನ ಮೇಲ್ ಸರ್ವರ್‌ಗೆ ರಿವರ್ಸ್ ಡಿಎನ್‌ಎಸ್ ಕಾವಲು ಹಾಕಿದ್ದಳು. ಮೇಲ್ ತಂದ ಯಂತ್ರದ ಇಂಟರ್ನೆಟ್ ನಂಬರಿಗೆ ಹೆಸರಿರಬೇಕು. ಆ ಹೆಸರನ್ನು ವಿಚಾರಿಸಿದರೆ ತಿರುಗಿ ಅದೇ ನಂಬರು ಬರಬೇಕು. ಇಲ್ಲವಾದರೆ ಬಾಗಿಲಿಂದಲೇ ವಾಪಸು. ಊರಿಗೆ ಬಂದ ಹೊಸಬರನ್ನು ಕೇಳುವ ಮಾತೇ ಅದು. ಸೋಮೇಶ ತಾನೇ ಕಟ್ಟಿಕೊಂಡ ಸರ್ವರ್‌ನ ನಂಬರಿಗೆ ಹೆಸರು ಮಾಡಿಸಿರಲೇ ಇಲ್ಲ.

ಓಡಿ ಬಂದು ಅವನ ಮೇಲೆ ಬಾಗಿದಳು. ಬೀಳುತ್ತಿದ್ದ ಬಡಿಗೆ ಆಕೆಯ ಮುಂಗೈಗೆ ತಾಗಿ ಬಳೆಗಳು ಚೂರಾದವು.

"ಹೇಮಮ್ಮಾ, ಸರೀರಿ. ಬೆಂಕಿ ಇಡಾಕ ಬಂದಾನ ಇವ," ಎಂದ ಉಚ್ಚೀರಪ್ಪ.

ಆಕೆ ಸರಿಯಲಿಲ್ಲ. "ಯಾಕ ಬಂದಿ?" ಎಂದು ಸೋಮೇಶನ ಕಿವಿಯಲ್ಲಿ ಕೇಳಿದಳು.

"ಮೇಲ್ ಎಲ್ಲಾ ರಿಜೆಕ್ಟೆಡ್ ಅಂತ ಹೊಳ್ಳಿ ಬಂದ್ವು. ಒಲ್ಲೆ ಅನ್ನಾದಿದ್ರ ಬಾಯಿಲೇ ಅನ್ನು."

"ಅಂದದ್ದು ಸರ್ವರ್, ನಾ ಅಲ್ಲ. ನಿನ್ನ ನಂಬರಿಗೆ ಹೆಸರಿಲ್ಲ."

ಒಡೆದ ತುಟಿಯಲ್ಲೇ ಅವನು ನಕ್ಕ. "ಯಾರ ಪೈಕಿ ಅಂತ ಇವರೂ ಅದನ್ನ ಕೇಳಿದ್ರು. ನಿನ್ನ ಹೆಸರು ಹ್ಯಾಂಗ ಹೇಳ್ಲಿ?"

ಅಷ್ಟರಲ್ಲಿ ಹಾಲಸ್ವಾಮಿ ಬಂದ. "ಯಾರ ಪೈಕಿ ಇವ?"

"ನನ್ನ ಪೈಕಿ, ಅಪ್ಪಾ."

ಅಪ್ಪನ ಕೈ ಆಕೆಯ ಕೆನ್ನೆಗೆ ಬಿತ್ತು. ಆಕೆ ಕಣ್ಣು ಇಳಿಸಲಿಲ್ಲ. ಹಾಲಸ್ವಾಮಿ ಸೋಮೇಶನ ಕೊರಳಪಟ್ಟಿ ಹಿಡಿದೆತ್ತಿದ. "ಆಕಿ ಹೇಳಿದ್ದು ಆತು. ನೀ ಹೇಳಲೇ, ಯಾರ ಪೈಕಿ?"

ಆಕೆ ಯಾರೋ ಗೊತ್ತಿಲ್ಲವೆಂದರೆ ಜೀವ ಉಳಿಸಿಕೊಂಡು ಬಸ್ ಹತ್ತಬಹುದಿತ್ತು. ಸೋಮೇಶ ರಕ್ತ ಉಗುಳಿ ನೆಟ್ಟಗೆ ನಿಂತ.

"ಆಕಿ ಪೈಕಿರಿ."

ಹಾಲಸ್ವಾಮಿ ಇಬ್ಬರ ಮುಖವನ್ನೂ ನೋಡಿದ. ಕೊರಳಪಟ್ಟಿ ಹಿಡಿದ ಕೈ ನಿಧಾನವಾಗಿ ಸಡಿಲಾಯಿತು.

"ಉಚ್ಚೀರಪ್ಪಾ, ಕೆಂಪಾದ ಹತ್ತಿ ಬ್ಯಾರೆ ತೆಗಿ," ಎಂದು ತಿರುಗಿ ನಡೆದವನು ಆಫೀಸಿನ ಹೊಸ್ತಿಲಲ್ಲಿ ನಿಂತ. "ಇಬ್ಬರ ಮಾತೂ ಕೂಡಿತು. ಅವನನ್ನ ಒಳಗ ಬಿಡ್ರಿ."